ಟ್ಯಾಬ್‌ಗೆ ವೈರ್‌ಲೆಸ್ ಕೀಬೋರ್ಡ್: ಜೋಡಿಸುವುದು, ಕನ್ನಡ ಟೈಪ್ ಮಾಡುವುದು

ವೈರ್‌ಲೆಸ್ ಕೀಬೋರ್ಡ್‌ಗಳಲ್ಲಿ ಎರಡು ಬಗೆ: ಬ್ಲೂಟೂತ್‌ನದು, ಮತ್ತು ಸಣ್ಣ ಯುಎಸ್‌ಬಿ ಡಾಂಗಲ್ ಜೊತೆಗೆ ಬರುವ 2.4 ಗಿಗಾಹರ್ಟ್ಸ್‌ನದು. ಟ್ಯಾಬ್‌ಗೆ ಬ್ಲೂಟೂತ್‌ನದೇ ಸರಿ. ಡಾಂಗಲ್ ಚುಚ್ಚಲು ಒಟಿಜಿ ಅಡಾಪ್ಟರ್ (ಚಾರ್ಜಿಂಗ್ ಜಾಗಕ್ಕೆ ಯುಎಸ್‌ಬಿ ಸಾಧನ ಸೇರಿಸುವ ಕೊಂಡಿ) ಬೇಕು, ಚಾರ್ಜಿಂಗ್ ಜಾಗವನ್ನೂ ಅದೇ ಹಿಡಿದುಕೊಳ್ಳುತ್ತದೆ. ಡಾಂಗಲ್ ಕಳೆದರೆ ಕೀಬೋರ್ಡ್ ಮೂಲೆ ಸೇರಿದ ಹಾಗೆಯೇ. ಡಬ್ಬದ ಮೇಲೆ ಬ್ಲೂಟೂತ್ ಎಂದು ಬರೆದಿದೆಯೇ ನೋಡಿಯೇ ಕೊಳ್ಳಿ.

ಜೋಡಿಸುವ ಮೊದಲು ಕೀಬೋರ್ಡ್ ಅನ್ನು ಪೇರಿಂಗ್ ಸ್ಥಿತಿಗೆ, ಅಂದರೆ ಹೊಸ ಸಾಧನದೊಂದಿಗೆ ಜೋಡಣೆಗೆ ಸಿದ್ಧವಾದ ಸ್ಥಿತಿಗೆ, ತರಬೇಕು. ಲಾಜಿಟೆಕ್ ಕೆ380 ಆದರೆ ಮೇಲಿನ ಸಾಲಿನ 1, 2, 3 ಎಂಬ ಗುರುತಿನ ಮೂರು ಕೀಗಳಲ್ಲಿ ಒಂದನ್ನು 3 ಸೆಕೆಂಡ್ ಒತ್ತಿ ಹಿಡಿಯಿರಿ. ಬೇರೆಯವುಗಳಲ್ಲಿ ಬ್ಲೂಟೂತ್ ಚಿಹ್ನೆಯ ಕೀ ಇರುತ್ತದೆ. ಎಷ್ಟೋ ಸಲ ಅದನ್ನು ಎಫ್ಎನ್ (Fn) ಕೀ ಜೊತೆಗೆ ಒತ್ತಬೇಕು. ದೀಪ ಬೇಗಬೇಗ ಮಿನುಗಿದರೆ ಸಿದ್ಧವಾಗಿದೆ. ನಿಧಾನವಾಗಿ ಮಿನುಗುತ್ತಿದ್ದರೆ ಅದು ಹಳೆಯ ಫೋನನ್ನೋ ಲ್ಯಾಪ್‌ಟಾಪನ್ನೋ ಹುಡುಕುತ್ತಿರುತ್ತದೆ, ಟ್ಯಾಬ್‌ನ ಪಟ್ಟಿಯಲ್ಲಿ ಕಾಣುವುದಿಲ್ಲ.

ಆಮೇಲೆ ಟ್ಯಾಬ್‌ನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಹೆಸರು ಮುಟ್ಟಿ. ಕೆಲವೊಮ್ಮೆ ಪರದೆಯಲ್ಲಿ ಆರಂಕಿಯ ಸಂಖ್ಯೆ ಬರುತ್ತದೆ. ಅದನ್ನು ಕೀಬೋರ್ಡ್‌ನಲ್ಲೇ ಒತ್ತಿ, ಎಂಟರ್ ಹೊಡೆಯಬೇಕು. ಹೊಡೆಯುವಾಗ ಪರದೆಯಲ್ಲಿ ಏನೂ ಮೂಡದಿರಬಹುದು, ಗಾಬರಿ ಬೇಡ. ಎಂಟರ್ ಮರೆತರೆ ಮಾತ್ರ ಸಮಯ ಮೀರಿ ಜೋಡಣೆ ವಿಫಲವಾಗುತ್ತದೆ.

ಜೋಡಣೆಯಾದ ಮೇಲೆ ಪರದೆಯ ಕೀಬೋರ್ಡ್ ಮಾಯವಾಗುವುದು ಸಹಜ. ಆಂಡ್ರಾಯ್ಡ್‌ನಲ್ಲಿ ಅದೂ ಬೇಕೆಂದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಫಿಸಿಕಲ್ ಕೀಬೋರ್ಡ್' ಎಂದು ಇಂಗ್ಲಿಷ್‌ನಲ್ಲಿ ಹುಡುಕಿ, ಪರದೆಯ ಕೀಬೋರ್ಡ್ ತೋರಿಸುವ ಆಯ್ಕೆಯನ್ನು ಆನ್ ಮಾಡಿ. ಲೇಔಟ್, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬ ವಿನ್ಯಾಸ, ಬದಲಿಸುವುದೂ ಅಲ್ಲೇ. ಶಿಫ್ಟ್ ಹಿಡಿದು 2 ಒತ್ತಿದಾಗ @ ಬದಲು ಉದ್ಧರಣ ಚಿಹ್ನೆ ಬಂದರೆ ಲೇಔಟ್ ಬ್ರಿಟನ್ನಿನದಾಗಿದೆ. ಇಂಗ್ಲಿಷ್ (ಯುಎಸ್) ಆರಿಸಿ. ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಕೀಬೋರ್ಡ್‌ಗಳ ಮೇಲಿನ ಅಚ್ಚು ಅಮೆರಿಕದ್ದು.

ಇನ್ನು ಕನ್ನಡ. ಹೆಚ್ಚಿನವರು ತಡವರಿಸುವುದು ಇಲ್ಲೇ. ಯಾವ ಕೀ ಒತ್ತಿದಿರಿ ಎಂಬ ಸಂಕೇತವನ್ನಷ್ಟೇ ಕೀಬೋರ್ಡ್ ಕಳಿಸುತ್ತದೆ. ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ಟ್ಯಾಬ್. ಹಾಗಾಗಿ ಕನ್ನಡ ಅಚ್ಚಿನ ಕೀಬೋರ್ಡ್ ಹುಡುಕಿಕೊಂಡು ಅಲೆಯಬೇಕಿಲ್ಲ. ಐಪ್ಯಾಡ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಕೀಬೋರ್ಡ್ಸ್ ಎಂದು ಹೋಗಿ ಕನ್ನಡ ಸೇರಿಸಿ. ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ನೀವು ಹಾಕಿಕೊಂಡ ಕನ್ನಡ ಕೀಬೋರ್ಡ್ ಆ್ಯಪ್ ಹೊರಗಿನ ಕೀಗಳನ್ನೂ ಕೇಳಿಸಿಕೊಳ್ಳುವಂಥದ್ದಾಗಿರಬೇಕು. ಪರೀಕ್ಷೆ ಸುಲಭ: ಕನ್ನಡ ಆರಿಸಿ ಒಂದು ಪದ ಹೊಡೆಯಿರಿ. ಇಂಗ್ಲಿಷ್ ಅಕ್ಷರವೇ ಮೂಡಿದರೆ ಆ ಆ್ಯಪ್ ಬೆರಳಿನ ಸ್ಪರ್ಶಕ್ಕೆ ಮಾತ್ರ, ಬೇರೆಯದನ್ನು ಹಾಕಿಕೊಳ್ಳಿ.

ಯಾವ ವಿನ್ಯಾಸ ಸಿಕ್ಕಿದೆ ಎಂದು ತಿಳಿಯಲು 'ಕನ್ನಡ' ಎಂದೇ ಹೊಡೆದು ನೋಡಿ. ಇನ್‌ಸ್ಕ್ರಿಪ್ಟ್ ಆದರೆ ಕೆ, ವಿ, ಡಿ, ವಿ, ಆಮೇಲೆ ಪಿ ಕೀ ಬಲಕ್ಕಿರುವ ಚೌಕ ಆವರಣದ ಕೀ. 'ನುಡಿ' ತಂತ್ರಾಂಶದಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸವಾದರೆ ಕೆ, ಎನ್, ಎಫ್, ಎನ್, ಕೊನೆಗೆ ಡಬ್ಲ್ಯೂ. ಕಂಪ್ಯೂಟರಿನಲ್ಲಿ ಕೈಗೆ ರೂಢಿಯಾದ ವಿನ್ಯಾಸವೇ ಟ್ಯಾಬ್‌ನಲ್ಲೂ ಇರಲಿ. ಎರಡು ಕಡೆ ಎರಡು ಇಟ್ಟುಕೊಂಡರೆ ಬೆರಳು ಎರಡನ್ನೂ ಮರೆಯುತ್ತದೆ.

ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಿ. 'ಕೀಬೋರ್ಡ್‌ನಲ್ಲಿ' ಎಂದು ಹೊಡೆಯಿರಿ. 'ನ' ಅಕ್ಷರ 'ಡ'ದ ಕೆಳಗೆ ಒತ್ತಾಗಿ ಇಳಿದು 'ಕೀಬೋರ್ಡ್ನಲ್ಲಿ' ಆದರೆ ನಡುವೆ ಬರಬೇಕಾದ ಕಣ್ಣಿಗೆ ಕಾಣದ ಗುರುತು, ಯೂನಿಕೋಡ್‌ನ 200ಸಿ, ಸಿಗುತ್ತಿಲ್ಲ. ಅದನ್ನು ಕೊಡುವ ಕೀ ಯಾವುದೆಂದು ಆ್ಯಪ್‌ನ ಸಹಾಯ ಪುಟದಲ್ಲಿ ನೋಡಿ. ಕನ್ನಡದಲ್ಲಿ ಇಂಗ್ಲಿಷ್ ಪದಗಳಿಗೆ ವಿಭಕ್ತಿ ಹಚ್ಚುವವರಿಗೆ ಪ್ರತಿ ವಾಕ್ಯದಲ್ಲೂ ಇದು ಬೇಕಾಗುತ್ತದೆ, ಆದ್ದರಿಂದ ಈ ಸೌಲಭ್ಯವಿಲ್ಲದ ಆ್ಯಪ್ ಬಿಟ್ಟುಬಿಡುವುದೇ ಮೇಲು.

ದಿನನಿತ್ಯದ ಬಳಕೆಯಲ್ಲಿ ಎರಡು ತೊಂದರೆ ಹೆಚ್ಚು. ಸ್ವಲ್ಪ ಹೊತ್ತು ಬಿಟ್ಟು ಬಂದಾಗ ಮೊದಲ ಅಕ್ಷರ ನುಂಗಿಹೋಗುತ್ತದೆ, ಏಕೆಂದರೆ ಬ್ಯಾಟರಿ ಉಳಿಸಲು ಕೀಬೋರ್ಡ್ ನಿದ್ದೆಗೆ ಜಾರಿರುತ್ತದೆ. ಶಿಫ್ಟ್ ಒಮ್ಮೆ ಒತ್ತಿ, ಒಂದೆರಡು ಸೆಕೆಂಡ್ ಕಾದು ಶುರುಮಾಡಿ. ಎರಡನೆಯದು, ಒಂದೇ ಅಕ್ಷರ ಸಾಲುಗಟ್ಟುವುದು: ಕೀ ಬಿಟ್ಟ ಸಂಕೇತ ಟ್ಯಾಬ್‌ಗೆ ತಲುಪದೆ, ಇನ್ನೂ ಒತ್ತಿಯೇ ಇದ್ದಾರೆಂದು ಅದು ತಿಳಿಯುತ್ತದೆ. ಬ್ಲೂಟೂತ್ ಓಡುವುದೂ 2.4 ಗಿಗಾಹರ್ಟ್ಸ್‌ನಲ್ಲೇ, ಹಾಗಾಗಿ ಪಕ್ಕದ ವೈಫೈ ರೌಟರ್, ಓಡುತ್ತಿರುವ ಮೈಕ್ರೋವೇವ್, ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಇವೆಲ್ಲ ಅಡ್ಡಬರುತ್ತವೆ. ಅವನ್ನು ದೂರವಿಡಿ, ಆಗಲೂ ಹೋಗದಿದ್ದರೆ ಬ್ಯಾಟರಿ ಬದಲಿಸಿ. ರೀಚಾರ್ಜಬಲ್ ಎಎಎ ಸೆಲ್‌ಗಳು 1.5 ವೋಲ್ಟ್ ಅಲ್ಲ, 1.2 ವೋಲ್ಟ್, ಚಾರ್ಜ್ ಇದ್ದರೂ ಕೆಂಪು ದೀಪ ಬೇಗ ಹತ್ತಿಕೊಳ್ಳಬಹುದು.