ಗಿಡ ನೆಡುವ ಮೊದಲು ಲಂಟಾನ ಕೀಳಿ

ಜೂನ್ ಬಂತೆಂದರೆ ನಮ್ಮ ಮಲೆನಾಡಿನಲ್ಲಿ ಗುಂಡಿ ತೋಡುವ ಸಡಗರ. ಮನೆ ಹಿಂದಿನ ಹುಲ್ಲಿನ ಬ್ಯಾಣ, ಶಾಲೆಯ ಗುಡ್ಡ, ದೇವಸ್ಥಾನದ ಜಾಗ, ಎಲ್ಲ ಕಡೆ ಸಸಿ ನೆಡುತ್ತಾರೆ. ಮುಂದಿನ ಮಾರ್ಚ್‌ನಲ್ಲಿ ಹೋಗಿ ನೋಡಿದರೆ ಸಸಿ ಇಲ್ಲ, ಲಂಟಾನ ಎಂಬ ಕಳೆಯ ಪೊದೆ ಇದೆ. ನಮ್ಮೂರ ಶಾಲೆಯ ಹಿಂದೆ ಒಂದೇ ಗುಡ್ಡದಲ್ಲಿ ಮೂರು ಸಲ ಹೀಗಾಯಿತು. ನಾಲ್ಕನೇ ಸಲ ಗುಂಡಿ ಬಿಟ್ಟು ಮೊದಲು ಲಂಟಾನಕ್ಕೆ ಕೈ ಹಾಕಿದೆವು. ಆಗ ಗೊತ್ತಾಯಿತು, ನಾವು ನೆಡಬೇಕೆಂದುಕೊಂಡ ಗಿಡಗಳಲ್ಲಿ ಎಷ್ಟೋ ಅದರ ಅಡಿಯಲ್ಲೇ ಇದ್ದವು.

ಮೊದಲು ಗುರುತು

ಹಳೇ ಸೀರೆ ಹರಿದು ಪಟ್ಟಿ ಮಾಡಿಕೊಳ್ಳಿ. ಪೊದೆಯೊಳಗೆ ಬಗ್ಗಿ ನೋಡಿ. ಮತ್ತಿ, ನಂದಿ, ಕೌಲು, ನೆಲ್ಲಿ, ನೇರಳೆ, ಕವಳಿ, ಏನಾದರೊಂದು ಸಿಗುತ್ತದೆ. ಮೊಣಕಾಲೆತ್ತರ ಇದ್ದರೂ ಸಾಕು, ಪಕ್ಕದಲ್ಲಿ ಬಿದಿರಿನ ಕಡ್ಡಿ ಹುಗಿದು ಬಟ್ಟೆ ಕಟ್ಟಿ. ದನ ಮೇದು, ಸೊಪ್ಪು ಕಡಿದು ಕುಳ್ಳಗಾದ ಗಿಡವನ್ನು ಕಂಡು ಮೋಸಹೋಗಬೇಡಿ. ಅದರ ಬೇರು ಎಷ್ಟೋ ವರ್ಷದ್ದು, ಆಳಕ್ಕೆ ಇಳಿದಿರುತ್ತದೆ. ಬೆಳಕು ಸಿಕ್ಕರೆ ಸರಸರ ಎದ್ದು ಬರುತ್ತದೆ. ನರ್ಸರಿಯ ಸಸಿ ಅದರ ಸಮಕ್ಕೆ ಬರುವುದಿಲ್ಲ. ಗುರುತು ಹಾಕದೆ ಕೆಲಸಕ್ಕೆ ಜನ ಬಿಟ್ಟರೆ ಲಂಟಾನದ ಜೊತೆ ಇವೂ ಹೋಗುತ್ತವೆ.

ಲಂಟಾನ ತೆಗೆಯುವ ಬಗೆ

ಎಲ್ಲರೂ ಎಡವುವುದು ಇಲ್ಲೇ. ಕತ್ತಿಯಲ್ಲಿ ಸವರಿದರೆ ಒಂದು ಕಾಂಡ ಇದ್ದಲ್ಲಿ ಹತ್ತು ಚಿಗುರು ಬರುತ್ತವೆ. ಬೆಂಕಿ ಹಾಕಿದರೆ ನಮ್ಮ ಸಸಿಗಳು ಸುಟ್ಟುಹೋಗುತ್ತವೆ, ಲಂಟಾನ ಬುಡದಿಂದ ಮತ್ತೆ ಏಳುತ್ತದೆ. ಜೆಸಿಬಿ ತರಿಸಿದರೆ ಒಂದೇ ದಿನದಲ್ಲಿ ನೆಲ ಚೊಕ್ಕಟವಾಗುತ್ತದೆ, ನಿಜ. ಆದರೆ ಮಣ್ಣು ಮಗುಚಿದಾಗ ಒಳಗೆ ಮಲಗಿದ್ದ ಕಳೆ ಬೀಜಗಳಿಗೆಲ್ಲ ಬೆಳಕು ಸಿಕ್ಕುತ್ತದೆ. ಗುಡ್ಡದ ಮೇಲ್ಮಣ್ಣು ಆರಿದ್ರಾ ಮಳೆಗೆ ಕೊಚ್ಚಿಹೋಗಿ ಬರೀ ಜಂಬಿಟ್ಟಿಗೆ ಉಳಿಯುತ್ತದೆ. ಕಳೆನಾಶಕವನ್ನಂತೂ ಬಾವಿ, ತೋಟ, ಹಳ್ಳ ಇರುವ ನಮ್ಮಂಥ ಇಳಿಜಾರಿನಲ್ಲಿ ಹೊಡೆಯಲೇಬೇಡಿ.

ಲಂಟಾನ ಚಿಗುರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಿಂದ. ಆ ಗಂಟು ಹೋದರೆ ಗಿಡವೂ ಹೋಯಿತು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಢಿಗೆ ತಂದ ವಿಧಾನ ಇದನ್ನೇ ನಂಬಿದೆ. ನಾವು ಮಾಡುವುದು ಹೀಗೆ. ಮೊದಲು ರೆಂಬೆಗಳನ್ನು ಮೊಣಕಾಲೆತ್ತರಕ್ಕೆ ಸವರಿ, ಹಿಡಿಯಲು ಮೋಟು ಉಳಿಸಿಕೊಳ್ಳಿ. ಇಬ್ಬರು ಬೇಕು. ಒಬ್ಬರು ಮೋಟು ಹಿಡಿದು ಒಂದು ಕಡೆಗೆ ಎಳೆಯಬೇಕು. ಇನ್ನೊಬ್ಬರು ಬುಡದ ಮಣ್ಣು ಸರಿಸಿ, ನೆಲದಿಂದ ಎರಡು ಇಂಚು ಕೆಳಗೆ ತಾಯಿಬೇರಿಗೆ ಪಿಕಾಸಿಯ ಏಟು ಹಾಕಬೇಕು. ಎರಡು ಇಂಚು ಎಂದರೆ ಎರಡು ಇಂಚೇ, ನೆಲದ ಮಟ್ಟಕ್ಕೆ ಕಡಿದರೆ ಶ್ರಮ ದಂಡ. ಆಳಕ್ಕೆ ಅಗೆಯುವ ಅಗತ್ಯವೂ ಇಲ್ಲ.

ಕಿತ್ತ ಬುಡವನ್ನು ಎಲ್ಲೆಂದರಲ್ಲಿ ಬಿಸಾಡಬೇಡಿ. ಹಸಿ ನೆಲಕ್ಕೆ ತಾಗಿದ ಕಾಂಡ ಬೇರು ಬಿಡುತ್ತದೆ. ಬೇರು ಮೇಲೆ, ಕಾಂಡ ಕೆಳಗೆ ಮಾಡಿ ಬಂಡೆಯ ಮೇಲೋ ಸವರಿದ ರೆಂಬೆಗಳ ರಾಶಿಯ ಮೇಲೋ ಬೋರಲು ಹಾಕಿ. ಕಪ್ಪು ಹಣ್ಣಿದ್ದರೆ ಆ ರೆಂಬೆಗಳನ್ನು ಬೇರೆಯೇ ಇಡಿ.

ಇಡೀ ಗುಡ್ಡವನ್ನು ಒಂದೇ ವರ್ಷ ಬೋಳು ಮಾಡಬೇಡಿ. ಇಳಿಜಾರಿಗೆ ಅಡ್ಡಲಾಗಿ ಪಟ್ಟೆ ಪಟ್ಟೆಯಾಗಿ ತೆಗೆಯಿರಿ, ನಡುವಿನ ಪಟ್ಟೆ ಮುಂದಿನ ವರ್ಷಕ್ಕಿರಲಿ. ಮಣ್ಣು ನಿಲ್ಲುತ್ತದೆ, ಪೊದೆಯಲ್ಲಿ ಗೂಡು ಕಟ್ಟಿದ ಪಿಕಳಾರಗಳಿಗೂ ಜಾಗ ಇರುತ್ತದೆ.

ಯಾವಾಗ ಕೀಳಬೇಕು? ಮಣ್ಣು ಮೆತ್ತಗಿರುವ ಮಳೆಗಾಲವೇ ಸರಿ. ಬೇಸಿಗೆಯಲ್ಲಿ ಕಾಡಂಚಿನ ಪೊದೆಗೆ ನುಗ್ಗಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದನ್ನು ಹರಡುವ ಉಣುಗುಗಳ ಕಾಟ ಒಣಗಾಲದಲ್ಲೇ ಜಾಸ್ತಿ. ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಳ್ಳಿ, ತುಂಬುತೋಳಿನ ಅಂಗಿ ಹಾಕಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಮಳೆಗಾಲದ ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ಸಾಕು.

ಕಮ್ಯುನಿಸ್ಟ್ ಗಿಡ, ಅಂದರೆ ಯುಪಟೋರಿಯಂ, ಸುಲಭ. ಹೂ ಬಿಡುವ ಮುಂಚೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬುಡಸಮೇತ ಎಳೆದುಬಿಡಿ. ಬೀಜ ಗಾಳಿಗೆ ಹಾರಿದ ಮೇಲೆ ಕಿತ್ತು ಪ್ರಯೋಜನವಿಲ್ಲ.

ನೆಡುವುದು

ಒಂದು ಮಳೆಗಾಲ ಸುಮ್ನೆ ಕಾಯಿರಿ. ತಾನಾಗಿ ಬಂದದ್ದನ್ನು ನೋಡಿ, ಖಾಲಿ ಉಳಿದಲ್ಲಿ ಮಾತ್ರ ನೆಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಹಾಗಾಗಿ ತೀರ್ಥಹಳ್ಳಿ, ಹೊಸನಗರದ ಕಡೆಗೆ ಧೂಪ, ಹೆಬ್ಬಲಸು, ಉಪ್ಪಾಗೆ. ಭದ್ರಾವತಿ, ಶಿಕಾರಿಪುರದ ಕಡೆಗೆ ಹೊನ್ನೆ, ಮತ್ತಿ, ಮುತ್ತುಗ, ಕಕ್ಕೆ. ಅಕೇಶಿಯಾ ಬೇಡ, ಬೇಗ ಬೆಳೆಯುತ್ತದೆ ಅಂತ ಯಾರು ಹೇಳಿದರೂ ಬೇಡ. ಎರಡಡಿಗಿಂತ ಎತ್ತರದ ಸಸಿಯೂ ಬೇಡ, ನರ್ಸರಿಯ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಬೇರು ಸುತ್ತಿಕೊಂಡಿರುತ್ತದೆ.

ಬೀಜದಿಂದಲೇ ಬೆಳೆಸುವವರು ಒಂದು ತಪ್ಪು ಮಾಡುತ್ತಾರೆ. ಭತ್ತದ ಬೀಜದಂತೆ ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿಡುತ್ತಾರೆ. ಧೂಪ, ಹೆಬ್ಬಲಸು, ನೇರಳೆ, ರಾಮಪತ್ರೆಯ ಬೀಜ ಒಣಗಿದರೆ ಸತ್ತಂತೆ. ಬಿದ್ದ ವಾರದೊಳಗೆ ಮಣ್ಣಿಗೆ ಹಾಕಿ, ಮೇಲೆ ದರಗು, ಅಂದರೆ ಒಣಗಿದ ಎಲೆ, ಮುಚ್ಚಿ. ಉಪ್ಪಾಗೆಗೆ ಮಾತ್ರ ತಾಳ್ಮೆ ಬೇಕು, ಮೊಳೆಯಲು ಐದಾರು ತಿಂಗಳಾದರೂ ಹಿಡಿಯುತ್ತದೆ. ಮೊಳೆತಿಲ್ಲ ಎಂದು ಕೊಟ್ಟೆ ಚೆಲ್ಲಿದವರು ಎಷ್ಟು ಜನ! ಬೀಜದುಂಡೆ ಎಸೆದು ಫೋಟೊ ತೆಗೆಸಿಕೊಳ್ಳುವುದರ ಮೇಲೆ ನನಗೆ ನಂಬಿಕೆ ಇಲ್ಲ. ಲಂಟಾನದ ಮೇಲೆ ಬಿದ್ದ ಉಂಡೆ ನೆಲವನ್ನೇ ಮುಟ್ಟುವುದಿಲ್ಲ.

ಮನೆಯಂಗಳ ಚಿಕ್ಕದಿದ್ದರೆ ಒಂದು ಸುರಗಿ, ಎರಡು ಕೇಪಳ, ಬೇಲಿಗೆ ಈಶ್ವರಿ ಬಳ್ಳಿ. ಚಿಟ್ಟೆ ತೋಟಕ್ಕೆ ಎಂದು ಬಣ್ಣದ ಲಂಟಾನ ಕುಂಡ ಮಾರುತ್ತಾರಲ್ವಾ, ಕೊಳ್ಳಬೇಡಿ. ಅದರಲ್ಲಿ ಚಿಟ್ಟೆಗೆ ಮಕರಂದ ಸಿಗಬಹುದು, ಮರಿಹುಳಕ್ಕೆ ಎಲೆ ಬೇಕು. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿ ಈಶ್ವರಿ ಬಳ್ಳಿಯ ಎಲೆ ತಿಂದು ಬೆಳೆಯುತ್ತದೆ.

ಬೇಲಿ, ಆಮೇಲಿನ ಮೂರು ವರ್ಷ

ಬೇಲಿಗೆ ಲಕ್ಕಿ ಮತ್ತು ಆಡುಸೋಗೆ ಕಡ್ಡಿ ಊರಿ. ದನ ಮುಟ್ಟುವುದಿಲ್ಲ. ಊರಿನ ಜಾಗವಾದರೆ ಪಂಚಾಯಿತಿಯಲ್ಲಿ ಮೊದಲೇ ಮಾತಾಡಿ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವಾದರೆ ಅರಣ್ಯ ಇಲಾಖೆಯನ್ನು ಕೇಳಿ. ದನ ಎಲ್ಲಿ ಮೇಯಬೇಕು ಎಂದು ತೀರ್ಮಾನಿಸದೆ ಹಾಕಿದ ಬೇಲಿ ಒಂದು ಬೇಸಿಗೆಯೂ ಉಳಿಯುವುದಿಲ್ಲ. ಸಸಿ ಬುಡದ ದರಗು ಗುಡಿಸಬೇಡಿ, ಮೊದಲ ಬೇಸಿಗೆಯ ತೇವ ಉಳಿಸುವುದು ಅದೇ.

ಮಳೆಗಾಲಕ್ಕೆ ಎರಡು ಸಲ ಸುತ್ತು ಹಾಕಿ, ಮುಖ್ಯವಾಗಿ ಹಕ್ಕಿ ಕೂರುವ ಮರಗಳ ಕೆಳಗೆ. ಲಂಟಾನದ ಹಣ್ಣು ತಿಂದ ಹಕ್ಕಿ ಬೀಜ ಹಾಕುವುದು ಅಲ್ಲೇ. ನೇರಳೆ, ಅತ್ತಿಯ ಬೀಜ ಬೀಳುವುದೂ ಅಲ್ಲೇ. ಹಾಗಾಗಿ ಕಂಡದ್ದನ್ನೆಲ್ಲ ಕೀಳಬೇಡಿ. ಚೌಕ ಕಾಂಡ, ಒರಟು ಎಲೆ, ಉಜ್ಜಿದರೆ ಘಾಟು ವಾಸನೆ ಇದ್ದರೆ ಅದು ಲಂಟಾನ. ಗುರುತು ಸಿಗದ ಸಸಿಗೆ ಕಡ್ಡಿ ಊರಿ ಬಟ್ಟೆ ಕಟ್ಟಿ, ಮುಂದಿನ ಮಳೆಗಾಲದಲ್ಲಿ ನೋಡೋಣ.