ಮೊದಲು ಅಲೆ, ಆಮೇಲೆ ಬಿಯರ್

ಬೇಸಿಗೆಯಲ್ಲಿ ಒಂದೊಂದು ಅಲೆಗೂ ಹತ್ತು ಹಲಗೆಗಳು ಮುಗಿಬೀಳುತ್ತವೆ. ಆ ನೂಕುನುಗ್ಗಲು ಸಾಕಾಗಿಯೇ ನಾನು ಸರ್ಫಿಂಗ್ ಅನ್ನು ಶರತ್ಕಾಲದ ಸಂಜೆಗಳಿಗೆ ಬದಲಾಯಿಸಿಕೊಂಡದ್ದು. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಗಾಳಿಯಲ್ಲಿ ಚಳಿ ಸುಳಿಯುತ್ತದೆ, ಜನ ಹಲಗೆಗಳನ್ನು ಅಟ್ಟಕ್ಕೆ ಏರಿಸುತ್ತಾರೆ. ಆದರೆ ಕಡಲು ಕಾಯುವುದೂ ನಿಧಾನ, ಆರುವುದೂ ನಿಧಾನ. ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಉಳಿದಿರುತ್ತದೆ. ಎದೆಗೆ 3, ಕೈಕಾಲಿಗೆ 2 ಮಿಲಿಮೀಟರ್ ದಪ್ಪದ ವೆಟ್‌ಸೂಟ್‌ನಲ್ಲೇ (ಮೈಗಂಟುವ ರಬ್ಬರ್ ಉಡುಪು) ನಾನು ಅಕ್ಟೋಬರ್ ನಡುವಿನವರೆಗೆ ದೂಡುತ್ತೇನೆ. ಚಳಿ ಹಿಡಿಯುವುದು ನೀರಿನಿಂದ ಹೊರಬಂದ ಮೇಲೆಯೇ.

ಮೊದಮೊದಲು ಮುನ್ಸೂಚನೆಯಲ್ಲಿ ಅಲೆಯ ಎತ್ತರವೊಂದನ್ನೇ ನೋಡಿ ಹೊರಡುತ್ತಿದ್ದೆ, ಅನೇಕ ಸಲ ಪೆಚ್ಚಾಗಿ ಮರಳುತ್ತಿದ್ದೆ. ಈಗ ಮೊದಲು ನೋಡುವುದು ಒಂದು ಅಲೆಗೂ ಮುಂದಿನದಕ್ಕೂ ನಡುವೆ ಎಷ್ಟು ಸೆಕೆಂಡು ಎಂಬುದನ್ನು. 7 ಸೆಕೆಂಡಿನ ಒಂದೂವರೆ ಮೀಟರ್ ಅಲೆ ಹತ್ತಿರದ ಗಾಳಿ ಎಬ್ಬಿಸಿದ ಕಲಕಲು. 14 ಸೆಕೆಂಡಿನ ಒಂದು ಮೀಟರ್ ಅಲೆ ಎಲ್ಲೋ ದೂರದ ಬಿರುಗಾಳಿಯಲ್ಲಿ ಹುಟ್ಟಿ, ಆಳ ಸಮುದ್ರದಲ್ಲಿ ದಿನಕ್ಕೆ 900 ಕಿಲೋಮೀಟರ್‌ಗೂ ಮಿಗಿಲಾಗಿ ಸಾಗಿ, ದಾರಿಯಲ್ಲೇ ಸಾಲುಗಟ್ಟಿಕೊಂಡು ಬಂದದ್ದು. ಶರತ್ಕಾಲದಲ್ಲಿ ಉತ್ತರದ ಸಾಗರಗಳಲ್ಲಿ ಬಿರುಗಾಳಿಗಳು ಬಲಗೊಳ್ಳುವುದರಿಂದ ಇಂಥ ಅಲೆಗಳಿಗೆ ಇದು ಸುಗ್ಗಿ. ಇನ್ನು ಸಂಜೆಯೇ ಏಕೆಂದರೆ, ಹಗಲೆಲ್ಲ ಕಡಲಿನಿಂದ ದಡಕ್ಕೆ ಬೀಸಿ ಅಲೆಗಳನ್ನು ಕೆಡಿಸಿದ ಗಾಳಿ ಹೊತ್ತು ಇಳಿದಂತೆ ಅಡಗುತ್ತದೆ. ಅದೃಷ್ಟವಿದ್ದರೆ ನೆಲ ಬೇಗ ತಣಿದು ದಡದ ಕಡೆಯಿಂದ ತೆಳುಗಾಳಿ ಶುರುವಾಗುತ್ತದೆ. ಎದುರುಗಾಳಿಗೆ ಮೈಕೊಟ್ಟ ಅಲೆ ಮುರಿಯುವ ಮುನ್ನ ಅರೆಗಳಿಗೆ ಹೆಚ್ಚು ನಿಲ್ಲುತ್ತದೆ. ಆ ಅರೆಗಳಿಗೆಗಾಗಿಯೇ ಇಷ್ಟೆಲ್ಲ ಪಾಡು.

ಒಂದು ಸಂಜೆ ‘ಇದೊಂದೇ ಅಲೆ’ ಎನ್ನುತ್ತ ಕತ್ತಲಾಗುವವರೆಗೂ ನೀರಿನಲ್ಲಿದ್ದೆ. ಹಗಲು ರಾತ್ರಿ ಸಮನಾಗುವ ದಿನದ ಆಸುಪಾಸಿನಲ್ಲಿ ಹಗಲು ಬಹಳ ಬೇಗ ಕುಗ್ಗುತ್ತದೆ. ಹಿಂದಿನ ವಾರದ ಲೆಕ್ಕ ಹಿಡಿದು ಕೂತವನು ನಾನು. ಬರುತ್ತಿರುವ ಅಲೆ ಕಣ್ಣಿಗೆ ಬೀಳದೆ ಸದ್ದಷ್ಟೇ ಕೇಳಿಸಿತು. ಎರಡು ಬಾರಿ ತಲೆಕೆಳಗಾಗಿ, ಹಲಗೆಗೆ ಕಟ್ಟಿದ ಹಗ್ಗ (ಲೀಶ್) ಕಾಲಿಗೆ ಸುತ್ತಿಕೊಂಡು, ನಡುಗುತ್ತ ದಡ ಸೇರಿದೆ. ಮೈ ಬೆಚ್ಚಗಾಗಲಿ ಎಂದು ಒದ್ದೆ ಬಟ್ಟೆಯಲ್ಲೇ ಬಿಯರ್ ಗಟಗಟ ಕುಡಿದದ್ದು ಎರಡನೆಯ ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬಿಸಿಯಾದಂತೆ ಅನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಸೋರುತ್ತಿರುತ್ತದೆ. ಹಲ್ಲು ಕಟಕಟಿಸುವುದು ನಿಲ್ಲಲು ಒಂದು ಗಂಟೆ ಹಿಡಿಯಿತು.

ಆಮೇಲೆ ಕ್ರಮ ಬದಲಾಯಿತು. ಸೂರ್ಯ ಮುಳುಗುವ ಹೊತ್ತಿಗೆ ಕೈಗಡಿಯಾರದಲ್ಲಿ ಅಲಾರಾಂ. ದಡಕ್ಕೆ ಬಂದೊಡನೆ ಪ್ಲಾಸ್ಟಿಕ್ ಬುಟ್ಟಿಯೊಳಗೆ ನಿಂತು ವೆಟ್‌ಸೂಟ್ ಕಳಚುವುದು, ಮೈ ಒರೆಸಿ ಉಣ್ಣೆಯ ಟೋಪಿ ಹಾಕುವುದು, ಫ್ಲಾಸ್ಕಿನ ಬಿಸಿನೀರು ಕುಡಿಯುವುದು. ನೀರಿಗೆ ಇಳಿಯುವ ಮುನ್ನ ಬಿಯರ್ ಒಂದು ತೊಟ್ಟೂ ಇಲ್ಲ. ವಾಹನ ಓಡಿಸುವವರಿಗೆ ಆಮೇಲೂ ಇಲ್ಲ. ಬಾಟಲಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಿಂದ ತೆಗೆದಿಡುವುದು ವೆಟ್‌ಸೂಟಿನ ಜಿಪ್ ಬಿಚ್ಚುವಾಗ. ನಾನು ಬಟ್ಟೆ ತೊಟ್ಟು ಬೆಚ್ಚಗಾಗುವಷ್ಟರಲ್ಲಿ ಅದು 8–10 ಡಿಗ್ರಿಗೆ ಬಂದಿರುತ್ತದೆ. ಕೊರೆಯುವಷ್ಟು ತಣ್ಣಗಿದ್ದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರುಚಿ ನಾಲಿಗೆಗೆ ಸಿಗುವುದೇ ಇಲ್ಲ.

ಈ ಋತುವಿಗೆ ನನ್ನ ಆಯ್ಕೆ ಮೆರ್ಟ್ಸೆನ್ ಎಂಬ ಜರ್ಮನ್ ಬಿಯರ್. ಬವೇರಿಯಾದಲ್ಲಿ 1553ರ ಕಟ್ಟಳೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನು ನಿಷೇಧಿಸಿತ್ತು. ಸೆಕೆಯಲ್ಲಿ ಅದು ಕೆಡುತ್ತಿತ್ತು. ಹಾಗಾಗಿ ಮಾರ್ಚ್‌ನಲ್ಲಿ ತುಸು ಕಡುವಾಗಿ ತಯಾರಿಸಿ, ತಂಪು ನೆಲಮಾಳಿಗೆಯಲ್ಲಿಟ್ಟು, ಶರತ್ಕಾಲದವರೆಗೂ ಕುಡಿಯುತ್ತಿದ್ದರು. ಹೆಸರು ಬಂದದ್ದೂ ಮಾರ್ಚ್‌ನಿಂದಲೇ. ತಾಮ್ರದ ಬಣ್ಣ, ಸುಟ್ಟ ಬ್ರೆಡ್ಡಿನ ಅಂಚಿನ ರುಚಿ. ಸುಮಾರು ಶೇಕಡಾ 6ರಷ್ಟು ಮದ್ಯಾಂಶವಿರುವುದರಿಂದ ದಣಿದ ಮೈಗೆ ಒಂದೇ ಗ್ಲಾಸು ಸಾಕು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಕೊಯ್ಲಿನ ವಾರಗಳಲ್ಲಿ ಹಸಿ ಹಾಪ್ಸಿನ ಬಿಯರ್ ಸಿಕ್ಕರೆ ಬಿಡುವುದಿಲ್ಲ. ಹಸಿ ಹೂವಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ಕೊಯ್ದ ದಿನವೇ, ಇಲ್ಲವೇ ಮರುದಿನ ಕುದಿಯಲು ಹಾಕಬೇಕು, ತಡವಾದರೆ ಹಾಳು. ಕತ್ತರಿಸಿದ ಹುಲ್ಲಿನ ಆ ವಾಸನೆ ತಿಂಗಳೆರಡರಲ್ಲಿ ಮಾಸುತ್ತದೆ, ಕೂಡಿಡುವುದು ದಡ್ಡತನ. ಕುಂಬಳದ ಬಿಯರ್ ನನಗೆ ಹಿಡಿಸಲಿಲ್ಲ; ಬಹುತೇಕ ಬಾಟಲಿಗಳಲ್ಲಿ ರುಚಿಯಾಗುವುದು ಚಕ್ಕೆ, ಜಾಯಿಕಾಯಿ ಮಾತ್ರ.

ತುಟಿಯ ಮೇಲೆ ಉಪ್ಪು ಇರುವವರೆಗೆ ಕಹಿ ಅಷ್ಟಾಗಿ ತಾಗುವುದಿಲ್ಲ. ಮೊದಲ ಗುಟುಕು ಮೆತ್ತಗೆ, ಮೂರನೆಯದರಲ್ಲಿ ಹಾಪ್ಸ್ ತನ್ನ ಗುಣ ತೋರಿಸುತ್ತದೆ. ಹೊಸಬರು ಗ್ಲಾಸಿನ ಮೇಲೆ ಬಗ್ಗಬಾರದು. ಸೈನಸ್‌ನಲ್ಲಿ ಅಡಗಿ ಕುಳಿತ ಕಡಲನೀರು ಹೇಳದೆ ಕೇಳದೆ ಮೂಗಿನಿಂದ ಇಳಿಯುತ್ತದೆ. ನನ್ನ ಒಂದು ಗ್ಲಾಸು ಒಳ್ಳೆಯ ಮೆರ್ಟ್ಸೆನ್ ಹಾಗೆಯೇ ಮರಳಿನ ಪಾಲಾಯಿತು.