‘ವಿಂಡೋ’ ಪದದ ಬೇರು ಹುಡುಕಿದ ಬಗೆ

ಇಂಗ್ಲಿಷಿನ ‘ವಿಂಡೋ’ ಒಂದು ಸಮಾಸಪದವೆಂದು ತಿಳಿದಾಗ, ಅದರ ಎರಡನೆಯ ಪದ ಎಲ್ಲಿ ಅಡಗಿದೆಯೆಂಬ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ‘ವಿಂಡ್’ ಎಂದರೆ ಗಾಳಿ, ಸರಿ. ಉಳಿದ ‘ಓ’ ಏನು?

ಇಂದಿನ ಕಾಗುಣಿತವನ್ನು ಬದಿಗಿಟ್ಟು, ಪದದ ಅತ್ಯಂತ ಹಳೆಯ ಲಿಖಿತ ರೂಪಗಳನ್ನು ಕಾಲಾನುಕ್ರಮದಲ್ಲಿ ಬರೆದುಕೊಂಡೆ. 13ನೆಯ ಶತಮಾನದ ‘ವಿಂಡೊಗೆ’ ಎಂಬ ರೂಪದಲ್ಲಿ, ಮುಂದೆ ಸವೆದುಹೋದ ಗ-ಕಾರ ಇನ್ನೂ ಉಳಿದಿತ್ತು. ಅಲ್ಲಿಂದ ದಾರಿ ನೇರವಾಗಿ ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯ ‘ವಿಂಡೌಗ’ಕ್ಕೆ ಹೋಯಿತು: ‘ವಿಂಡ್ರ್’ ಗಾಳಿ, ‘ಔಗ’ ಕಣ್ಣು, ಒಟ್ಟಿನಲ್ಲಿ ಗಾಳಿಗಣ್ಣು. ಗಾಜಿಲ್ಲದ ಮನೆಗಳಲ್ಲಿ ಗಾಳಿಯಾಡಲು ಬಿಟ್ಟ ಕಿಂಡಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಕಾಣೆ. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ 9ನೆಯ ಶತಮಾನದಿಂದ ನೆಲೆಸಿದ ಸ್ಕ್ಯಾಂಡಿನೇವಿಯದವರ ಮಾತಿನಿಂದ ಅದು ಇಂಗ್ಲಿಷಿಗೆ ಬಂತು. ಹಳೆಯ ಇಂಗ್ಲಿಷಿನಲ್ಲಿದ್ದ ‘ಕಣ್ಣುರಂಧ್ರ’, ‘ಕಣ್ಣುಬಾಗಿಲು’ ಎಂಬರ್ಥದ ದೇಶೀಯ ಸಮಾಸಗಳು ಬಳಕೆಯಿಂದ ಮರೆಯಾದವು.

ಕನ್ನಡಿಗನಾದ ನನಗೆ ಇಲ್ಲಿ ‘ಗವಾಕ್ಷಿ’ ನೆನಪಾಗದಿರಲು ಸಾಧ್ಯವಿರಲಿಲ್ಲ. ಗೋವು ಮತ್ತು ಅಕ್ಷಿ ಸೇರಿ ಆದ ಈ ಮಾತಿನಲ್ಲೂ ಕಣ್ಣಿರುವುದರಿಂದ, ಎರಡೂ ಒಂದೇ ಮೂಲ ಸಮಾಸದಿಂದ ಬಂದಿರಬೇಕೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದೂಬಿಟ್ಟೆ. ಅದು ತಪ್ಪು. ಸಮಾಸಗಳು ಬೇರೆಬೇರೆಯಾಗಿ ಹುಟ್ಟಿದವು, ಘಟಕಗಳು ಮಾತ್ರ ಬಂಧುಗಳು. ಅದರಲ್ಲೂ ‘ವಿಂಡ್’ನ ನಂಟು ಗವಾಕ್ಷಿಯೊಂದಿಗಲ್ಲ, ಕಿಟಕಿಗೇ ಇರುವ ಇನ್ನೊಂದು ಸಂಸ್ಕೃತ ಹೆಸರಾದ ‘ವಾತಾಯನ’ದ ‘ವಾತ’ದೊಂದಿಗೆ. ಲ್ಯಾಟಿನ್ನಿನ ‘ವೆಂಟುಸ್’ ಕೂಡ ಇದೇ ಕುಟುಂಬದ್ದು.

ಹೆಚ್ಚು ದಿನ ಹಿಡಿದದ್ದು ‘ಔಗ’. ಲ್ಯಾಟಿನ್ನಿನ ‘ಓಕುಲುಸ್’ ಮತ್ತು ಸಂಸ್ಕೃತದ ‘ಅಕ್ಷಿ’ಯಲ್ಲಿರುವ ಕ-ಕಾರವು ಇಂಗ್ಲಿಷ್, ಜರ್ಮನ್, ನಾರ್ಸ್ ಮೊದಲಾದವು ಸೇರಿದ ಜರ್ಮಾನಿಕ್ ಭಾಷೆಗಳಲ್ಲಿ ಗ-ಕಾರವಾಗುವುದಕ್ಕೆ ನಿಯಮದ ಆಧಾರವಿದೆ; ಆದರೆ ಮೊದಲ ಸ್ವರ ‘ಅ’ ಆಗಬೇಕಿತ್ತು, ‘ಔ’ ಅಲ್ಲ. ಕಿವಿ ಎಂಬರ್ಥದ ಪದ, ಈಗ ಅಳಿದುಹೋಗಿರುವ ಜರ್ಮಾನಿಕ್ ಭಾಷೆಯಾದ ಗಾಥಿಕ್‌ನಲ್ಲಿ ‘ಔಸೊ’. ಕಣ್ಣು–ಕಿವಿಗಳನ್ನು ಜೊತೆಯಾಗಿ ಹೇಳುವಾಗ ಕಿವಿಯ ಸ್ವರ ಕಣ್ಣಿನ ಪದಕ್ಕೂ ಹತ್ತಿತೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ನನಗೂ ಇದು ಒಪ್ಪಿಗೆ. ಆದರೂ ನಿಯಮದಿಂದ ಸಿದ್ಧವಾದದ್ದನ್ನೂ ಊಹೆಯಿಂದ ತುಂಬಿದ್ದನ್ನೂ ಟಿಪ್ಪಣಿಯಲ್ಲಿ ಬೇರೆ ಬಣ್ಣದ ಶಾಯಿಯಲ್ಲೇ ಬರೆದಿಟ್ಟಿದ್ದೇನೆ.

ಕೊನೆಗೆ ನೆರೆಯ ಭಾಷೆಗಳನ್ನು ನೋಡಿದೆ. ಡೇನಿಷ್‌ನಲ್ಲಿ ಗಾಳಿಗಣ್ಣು ‘ವಿಂಡುಎ’ ಆಗಿ ಉಳಿದಿದೆ. ಜರ್ಮನ್ನರು ಲ್ಯಾಟಿನ್ನಿನಿಂದ ‘ಫೆನ್‌ಸ್ಟರ್’ ಪಡೆದರು. ಹಳೆಯ ನಾರ್ಸ್‌ಗೆ ಇಂದು ಅತ್ಯಂತ ಹತ್ತಿರವಿರುವ ಐಸ್‌ಲ್ಯಾಂಡಿಕ್‌ನಲ್ಲಿ ಮಾತ್ರ ಕಿಟಕಿಗೆ ‘ಗ್ಲುಗ್ಗಿ’ ಎನ್ನುತ್ತಾರೆ.